ಎಡ ಹೆಗಲಿಗೊಂದು ಲಿವರ್ ರೈಫಲ್

ಮೊಂಟಾನಾದಲ್ಲಿ ನನ್ನಂಥ ಗುರಿಕಾರ ಇನ್ನೊಬ್ಬ ಹುಟ್ಟಿಲ್ಲ. ಆಚೆ ಬೆಟ್ಟದ ಮೇಲೆ ಕೂತ ಸೊಳ್ಳೆಗೆ, ಯಾವ ಕಣ್ಣಿಗೆ ಹೊಡೆಯಲಿ ಎಂದು ಕೇಳಿಕೊಂಡೇ ಹೊಡೆಯುವವನು ನಾನು, ಮರ್ಲ್ ಗುಸ್ಟಾಡ್. ಆದರೆ ನಾನು ಎಡಗೈಯವನು. ಭೂಮಿಯ ಮೇಲಿನ ಬಂದೂಕು ತಯಾರಕರೆಲ್ಲ ಒಟ್ಟಾಗಿ ಕೂತು ನನ್ನೊಬ್ಬನ ಮೇಲೆ ಸಂಚು ಹೂಡಿದ್ದಾರೆ.

ನನ್ನ ಹಳೆಯ ರೈಫಲ್ಲಿನ ಬೋಲ್ಟು ಬಲಕ್ಕಿತ್ತು. ಒಂದು ಗುಂಡು ಹೊಡೆದು ಇನ್ನೊಂದನ್ನು ಒಳಗೆ ತಳ್ಳಬೇಕಾದರೆ ಎಡಗೈ ನನ್ನ ಮೂಗನ್ನು ದಾಟಿ ಆಚೆ ಹೋಗಬೇಕು. ಕಳೆದ ವರ್ಷ ಹಾಗೆ ಕೈ ದಾಟಿಸುವಷ್ಟರಲ್ಲಿ ಎದುರಿಗಿದ್ದ ಹೆಣ್ಣು ಎಲ್ಕ್, ಕುದುರೆಯಷ್ಟು ದೊಡ್ಡ ಜಿಂಕೆ, ಓಡಿಹೋಗಿ, ಸಂಸಾರ ಹೂಡಿ, ಮೊಮ್ಮಕ್ಕಳನ್ನೂ ಕಂಡಿತು.

ಈ ವರ್ಷ ಹಾಗಾಗುವಂತಿರಲಿಲ್ಲ. ನಮ್ಮ ಬೆಟ್ಟದಲ್ಲಿ ಗಂಡು ಎಲ್ಕ್ ಹೊಡೆಯುವ ಪರವಾನಗಿಯನ್ನು ಚೀಟಿ ಎತ್ತಿ ಕೊಡುತ್ತಾರೆ. ತಲೆಗೂದಲು ಕಪ್ಪಗಿದ್ದಾಗಿನಿಂದ ಅರ್ಜಿ ಹಾಕುತ್ತಿದ್ದವನಿಗೆ, ಕೂದಲೇ ಇಲ್ಲದ ಕಾಲದಲ್ಲಿ ಚೀಟಿ ಬಿದ್ದಿತ್ತು. ಇನ್ನೊಮ್ಮೆ ಬೀಳಬೇಕಾದರೆ ಗೋರಿಯಿಂದೆದ್ದು ಬಂದು ಅರ್ಜಿ ಹಾಕಬೇಕು. ಬೇಟೆ ಶನಿವಾರ ಶುರು. ಗುರುವಾರ ನನ್ನ ಹೆಂಡತಿಯ ತಮ್ಮ ಆರ್ಲೋನನ್ನು ಕಟ್ಟಿಕೊಂಡು ವರ್ಡಾಳ ಬಂದೂಕಿನ ಅಂಗಡಿಗೆ ಹೋದೆ. ಲಿವರ್ ರೈಫಲ್ಲಿನಲ್ಲಿ ಹೊಸ ತೋಟಾ ಏರಿಸುವ ಹಿಡಿ, ಅಂದರೆ ಲಿವರ್, ಟ್ರಿಗರಿನ ಕೆಳಗಿರುತ್ತದೆ, ಎಡಕ್ಕೂ ಸೈ, ಬಲಕ್ಕೂ ಸೈ ಎಂದು ಊರೆಲ್ಲ ಹೇಳುತ್ತಿತ್ತು. ಊರೆಲ್ಲ ಬಲಗೈಯವರು.

"ಏನಪ್ಪಾ, ಈ ಸಲ ಯಾವುದರ ತಪ್ಪು?" ಎಂದಳು ವರ್ಡಾ. ಅವಳ ಮಾತು ಸೋಕಿದರೆ ಹಾಲು ಒಡೆಯುತ್ತದೆ.

"ನೀನು ಒಳ್ಳೇ ಮಾಲು ಕೊಟ್ರೆ ತಪ್ಪು ಎಲ್ಲಿಂದ ಬರುತ್ತೆ?" ಎಂದೆ.

ಅಂಗಡಿಯ ಹಿಂದಿನ ಬಯಲಿನಲ್ಲಿ ಅವಳು ಮೊದಲು ಕೊಟ್ಟದ್ದು ಹಳೆಯ ಮಾದರಿ. ಹೊಡೆದ ತೋಟಾದ ಚಿಪ್ಪನ್ನು ಅದು ನೇರ ಮೇಲಕ್ಕೆ ಉಗುಳುತ್ತದೆ. ಮೇಲೆ ಹೋದ ಚಿಪ್ಪು ಮೋಡ ಮುಟ್ಟಿ, ಯೋಚಿಸಿ, ಇಳಿದು ಬಂದು ನನ್ನ ಅಂಗಿಯ ಕೊರಳೊಳಗೆ ಬಿತ್ತು. ಬಾಣಲೆಯಿಂದ ತೆಗೆದ ಹಾಗೆ ಸುಡುತ್ತಿತ್ತು. ನಾನು ಕುಣಿದ ಕುಣಿತಕ್ಕೆ ಬೇಲಿಯಾಚೆಯ ದನಗಳು ಮೇಯುವುದನ್ನು ಬಿಟ್ಟವು.

"ಭಾವ, ಇಷ್ಟು ಚೆನ್ನಾಗಿ ನಿಮ್ಮ ಮದುವೇಲೂ ಕುಣಿದಿರಲಿಲ್ಲ!" ಎಂದ ಆರ್ಲೋ.

"ಬಾಯಿ ಮುಚ್ಚೋ."

ಎರಡನೆಯದು ಚಿಪ್ಪನ್ನು ಬಲಕ್ಕೆ ಎಸೆಯುತ್ತಿತ್ತು. ಎಡ ಹೆಗಲಿಗೆ ಬಂದೂಕು ಆನಿಸಿದವನ ಮುಖ ಇರುವುದೂ ಬಂದೂಕಿನ ಬಲಕ್ಕೇ. ಪ್ರತಿ ಹೊಡೆತಕ್ಕೂ ಚಿಪ್ಪೊಂದು ಕಣ್ಣೆದುರೇ ಕಣಜದಂತೆ ಹಾರಿತು. ಅದನ್ನೂ ಸಹಿಸಬಹುದಿತ್ತು. ಆದರೆ ಅದರಲ್ಲೊಂದು ಸುರಕ್ಷೆಯ ಗುಂಡಿ.

"ನೋಡು, ಬಲಗಡೆಯಿಂದ ಒತ್ತಿದ್ರೆ ಬೀಗ ಬಿಚ್ಚುತ್ತೆ, ಎಡಗಡೆಯಿಂದ ಒತ್ತಿದ್ರೆ ಹಾಕಿಕೊಳ್ಳುತ್ತೆ. ಬಿಚ್ಚಿದಾಗ ಕೆಂಪು ಉಂಗುರ ಕಾಣುತ್ತೆ," ಎಂದಳು ವರ್ಡಾ.

"ಎಲ್ಲಿ ಕಾಣುತ್ತೆ?"

"ಎಡಗಡೆ."

"ನನ್ನ ಮುಖ ಬಲಗಡೆ ಇದೆಯಲ್ಲಮ್ಮಾ!"

"ಮುಖ ನಾನು ಮಾಡಿದ್ದಲ್ಲ. ಮಾಡಿದ್ರೆ ಇನ್ನೂ ಚೆನ್ನಾಗಿ ಮಾಡ್ತಿದ್ದೆ."

ಎಡಗೈಯವರಿಗೆಂದೇ ಎಲ್ಲವನ್ನೂ ತಿರುಗಿಸಿ ಮಾಡಿದ ರೈಫಲ್ ಇಲ್ಲವೇ ಎಂದು ಕೇಳಿದೆ. ಉಂಟಂತೆ. ಹೇಳಿ ಮಾಡಿಸಿದರೆ ಹಿಮ ಕರಗುವ ಕಾಲಕ್ಕೆ ಬರುತ್ತದಂತೆ. ಅಷ್ಟರಲ್ಲಿ ನನ್ನ ಪರವಾನಗಿ ಒಲೆ ಹೊತ್ತಿಸುವ ಕಾಗದವಾಗಿರುತ್ತದೆ. ಹಲ್ಲು ಕಡಿದೆ. ಆ ಸದ್ದಿಗೆ ಕಿಟಕಿಯ ಗಾಜು ಅದುರಿತು. ಎರಡನೆಯದನ್ನೇ ಕೊಂಡೆ.

ಶನಿವಾರ ಬೆಳಗ್ಗೆ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮೊಣಕಾಲುದ್ದ ಹಿಮದಲ್ಲಿ ಬೆಟ್ಟ ಹತ್ತಿದೆವು. ಪೈನ್ ಮರಗಳ ನಡುವೆ ಅದು ನಿಂತಿತ್ತು. ಕೊಂಬುಗಳಲ್ಲಿ ಒಂದು ಸಂಸಾರ ಬಟ್ಟೆ ಒಣಹಾಕಬಹುದಿತ್ತು. ಉಸಿರು ಬಿಟ್ಟರೆ ರೈಲು ಬಂದಂತೆ ಹೊಗೆ.

"ಭಾವ, ಹೊಡೀರಿ," ಎಂದು ಆರ್ಲೋ ಪಿಸುಗುಟ್ಟಿದ.

ಹತ್ತುವಾಗ ಗುಂಡಿಯ ಬೀಗ ಬಿಚ್ಚಿಯೇ ಇತ್ತು, ತೋಟಾಕ್ಕೆ ಬಡಿಯುವ ಪುಟ್ಟ ಸುತ್ತಿಗೆಯನ್ನು ಗುಂಡು ಹಾರದಂತೆ ಅರ್ಧಕ್ಕೆ ನಿಲ್ಲಿಸಿದ್ದೆ; ಇಲ್ಲಿಯವರೆಲ್ಲ ಹಾಗೇ ನಡೆಯುತ್ತಾರೆ. ಆದರೆ ರೈಫಲ್ ಎತ್ತುವಾಗ ನನ್ನ ಎಡ ತೋರುಬೆರಳು ಅದನ್ನು ಮರೆತು, ಬೀಗ ಬಿಚ್ಚಲೆಂದು ತನಗೆ ಎಟುಕುವ ಎಡಗಡೆಯಿಂದ ಗುಂಡಿಯನ್ನು ಒತ್ತಿ ಬೀಗ ಹಾಕಿಬಿಟ್ಟಿತು. ಬೆರಳು ಮಾಡಿದ್ದು ಸರಿ, ಗುಂಡಿ ಮಾಡಿದವನದು ತಪ್ಪು. ಸುತ್ತಿಗೆ ಹಿಂದೆಳೆದು ಟ್ರಿಗರ್ ಒತ್ತಿದೆ.

ಟಕ್.

ತೋಟಾ ಕೆಟ್ಟದ್ದೆಂದುಕೊಂಡು ಲಿವರ್ ಎಳೆದೆ. ಹಿತ್ತಾಳೆಯ ಒಳ್ಳೆಯ ತೋಟಾ ಹಾರಿ ಹಿಮದಲ್ಲಿ ಬಿತ್ತು. ಟಕ್. ಇನ್ನೊಂದು ಬಿತ್ತು. ಟಕ್. ರೈಫಲ್ಲಿನ ಹೊಟ್ಟೆ ಪೂರಾ ಬರಿದಾಯಿತು. ಎಲ್ಕ್ ತಲೆ ಓರೆ ಮಾಡಿ, ಮದುವೆ ಮನೆಯ ಓಲಗ ಕೇಳುವಂತೆ ನನ್ನನ್ನು ನೋಡುತ್ತಿತ್ತು.

"ಗುಂಡಿ... ಭಾವ... ಗುಂಡಿ..." ಎಂದು ಉಸುರಿ ಆರ್ಲೋ ತನ್ನ ಅಂಗಿಯ ತೋಳನ್ನೇ ಬಾಯಿಗೆ ತುರುಕಿಕೊಂಡು ಮರದ ಬುಡದಲ್ಲಿ ಮುದುರಿ ಬಿದ್ದ. ನಗುವಿಗೆ ಅವನ ಬೆನ್ನು ಕುಲುಕುತ್ತಿತ್ತು.

ಆಗ ನಾನು ಮಾಡಿದ್ದನ್ನು ಯಾವ ಬಲಗೈಯವನೂ ಮಾಡಲಾರ. ತೋಟಾ ತುಂಬುವ ಕಿಂಡಿ ಇರುವುದು ಬಲಗಡೆ. ಅವರಾದರೆ ಟ್ರಿಗರಿನ ಕೈ ಬಿಟ್ಟು ತುಂಬಬೇಕು. ನನ್ನ ಎಡಗೈ ಇದ್ದಲ್ಲೇ ಇತ್ತು. ಬಲಗೈ ಜೇಬಿನಿಂದ ಒಂದು ತೋಟಾ ತಂದು ಕಿಂಡಿಗೆ ತುರುಕಿತು, ಅಲ್ಲೇ ಪಕ್ಕದಲ್ಲಿದ್ದ ಗುಂಡಿಯನ್ನು ಬಲಗಡೆಯಿಂದ ಒತ್ತಿತು. ಲಿವರ್ ಎಳೆದೆ. ಎಲ್ಕ್ ಅಷ್ಟರಲ್ಲಿ ತಿರುಗಿ ಓಡತೊಡಗಿತ್ತು. ಮರಗಳ ನಡುವಿನ ಒಂದು ಅಂಗೈಯಗಲ ಸಂದಿನಲ್ಲಿ ಅದರ ಪಕ್ಕೆ ಕಂಡಾಗ ಹೊಡೆದೆ. ಅದು ನಾಲ್ಕು ಹೆಜ್ಜೆ ಇಟ್ಟು ಕುಸಿಯಿತು.

ನನ್ನ ಜೀವಮಾನದಲ್ಲಿ ಒಂದಿಷ್ಟೂ ಬಣ್ಣ ಕಟ್ಟಬೇಕಿಲ್ಲದ ಹೊಡೆತ ಅದೊಂದೇ. ತಿರುಗಿ ನೋಡಿದೆ. ಆರ್ಲೋನ ಮುಖ ಇನ್ನೂ ತೋಳಿನೊಳಗಿತ್ತು.

"ನೋಡಿದೆಯೇನೋ? ಓಡ್ತಿತ್ತು! ಸಂದಿಯಲ್ಲಿ ಹೊಡೆದೆ!"

ಅವನು ಕಣ್ಣೊರೆಸಿಕೊಂಡು ಎದ್ದ. ಹಿಮದಲ್ಲಿ ಬಿದ್ದ ತೋಟಾಗಳನ್ನು ನೋಡಿದ, ಬಿದ್ದ ಎಲ್ಕನ್ನು ನೋಡಿದ.

"ಓಡ್ತಿತ್ತಾ? ನಿಮ್ಮ ಆಟ ನೋಡ್ತಾ ನಿಂತಿತ್ತು ಭಾವ, ನಾನೇ ಕಂಡೆನಲ್ಲ. ನಿಂತಿದ್ದನ್ನ ಹೊಡೆದು ಓಡಿಸ್ತೀರಲ್ಲ ಮಾತಲ್ಲಿ!"

"ದೇವರಾಣೆ ಕಣೋ! ಹೆಜ್ಜೆ ಗುರುತು ನೋಡು ಬಾ!"

ಕೈಹಿಡಿದು ಎಳೆದುಕೊಂಡು ಹೋದೆ. ಗಾಳಿ ಎದ್ದು ಪುಡಿಹಿಮ ಹರಿದು, ಹೆಜ್ಜೆಗಳ ಮೇಲೆ ಚಾದರ ಹೊದಿಸಿಬಿಟ್ಟಿತ್ತು. ಆರ್ಲೋ ನೆಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಚೂರಿ ತೆಗೆದು ಅಂಗಿಯ ತೋಳು ಮಡಚಿದ.

"ಸರಿ ಬಿಡಿ, ಓಡ್ತಿತ್ತು. ಹಾರ್ತಿತ್ತು ಬೇಕಾದ್ರೆ. ಕಾಲು ಹಿಡ್ಕೊಳ್ಳಿ, ಮಾಂಸ ಹೆಪ್ಪುಗಟ್ಟುತ್ತೆ."

ನಾನು ಕಾಲು ಹಿಡಿದುಕೊಂಡೆ.