ಜಾಲರಿಯ ಆಚೆ ಅತ್ತೆ

ಮದುವೆಯಾಗಿ ಇಷ್ಟು ವರ್ಷವಾದರೂ ಹಿರಿಸೊಸೆಯ ಬಗ್ಗೆ ಅತ್ತೆಯ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ. ಸೊಸೆಯೇನು ಬೆಳ್ಳಿ ಬಂಗಾರ ಕೇಳಿದವಳಲ್ಲ. ‘ಪರವಾಗಿಲ್ಲ, ಚೆನ್ನಾಗಿ ಮಾಡಿದ್ದೀಯ’ ಅಂದಿದ್ದರೆ ಸಾಕಿತ್ತು, ಮುದುಕಿಯ ಕಾಲೊತ್ತಿಕೊಂಡು ಬಿದ್ದಿರುತ್ತಿದ್ದಳು. ಆದರೆ ಅತ್ತೆಗೆ ಹೊಗಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ.

ಅತ್ತೆ ಇದ್ದದ್ದು ಹಿತ್ತಿಲಿನ ಆಚೆ, ನದಿಯ ಕಡೆಗಿದ್ದ ಕಿರಿಮಗನ ಮನೆಯಲ್ಲಿ. ಉಣ್ಣುವುದು ಅಲ್ಲಿ, ಊಟದಲ್ಲಿ ತಪ್ಪು ಹುಡುಕುವುದು ಇಲ್ಲಿ. ಬೆಳಗಾದರೆ ಹಿತ್ತಿಲು ದಾಟಿ ಬಂದು, ಅಡುಗೆಮನೆಯಲ್ಲಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ, ಮೂಸಿ, ಏನೂ ಹೇಳದೆ ಮುಚ್ಚುತ್ತಿದ್ದಳು. ಏನೂ ಹೇಳದಿರುವುದೇ ಸೊಸೆಯ ಹೊಟ್ಟೆಗೆ ಬೆಂಕಿ ಹಚ್ಚುತ್ತಿತ್ತು. ಒಂದು ದಿನ ನೆಂಟರ ಮುಂದೆ ಮುದುಕಿ ಬಾಯಿಬಿಟ್ಟಳು: ಇವಳ ಕೈಯಡುಗೆ ಉಂಡೂ ನನ್ನ ಮಗ ಬದುಕಿದ್ದಾನಲ್ಲ, ಗಟ್ಟಿ ಪಿಂಡ. ನೆಂಟರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸೊಸೆಯೂ ನಕ್ಕಳು. ಮರುದಿನವೇ ಹಿತ್ತಿಲಿಗೆ ಅಡ್ಡಲಾಗಿ ಜಾಲರಿ ಹಾಕಿಸಲು ಬೇಲಿಯವನನ್ನು ಕರೆಸಿದಳು.

ಬೀದಿನಾಯಿಗಳ ಕಾಟ ಎಂದು ಗಂಡನಿಗೆ ಹೇಳಿದಳು. ಗಂಡ ಪಾಪದವನು. ಕಾರ್ಖಾನೆಯಿಂದ ಬಂದು ಉಂಡು ಮಲಗುವುದನ್ನು ಬಿಟ್ಟರೆ ಯಾವ ವಿಷಯದಲ್ಲೂ ಅಭಿಪ್ರಾಯ ಇಟ್ಟುಕೊಂಡವನಲ್ಲ. ಹೂಂ ಅಂದ.

ನೆರೆ ನುಗ್ಗುವ ಜಾಗದಲ್ಲಿ ಜಾಲರಿ ಕಟ್ಟುವುದಕ್ಕೆ ಬೇಲಿಯವನದೊಂದು ಪದ್ಧತಿಯಿತ್ತು. ಬುಡದಲ್ಲಿ ಒಂದು ಗೇಣು ಬಿಡುತ್ತಿದ್ದ, ಕಂಬಗಳಿಗೆ ತೆಳ್ಳನೆಯ ತಂತಿಯಲ್ಲಿ ಕಟ್ಟುತ್ತಿದ್ದ. ನೀರು ಜೋರಾಗಿ ತಳ್ಳಿದರೆ ತಂತಿ ಕಿತ್ತು ಜಾಲರಿ ಮಲಗಿಬಿಡಬೇಕು, ನೀರಿಳಿದ ಮೇಲೆ ಎತ್ತಿ ಕಟ್ಟಿಕೊಂಡರಾಯಿತು.

“ಬಲೆ ನೀರನ್ನ ಬಿಡುತ್ತೆ ಅಕ್ಕಾ, ಕಸ ಬಿಡಲ್ಲ. ಬಿಗಿಯಾಗಿ ಕಟ್ಟಿ ಅದರ ಮೇಲೆ ಕಸ ಕೂತರೆ ಅದು ಬೇಲಿಯಲ್ಲ, ಗೋಡೆ.”

ಗೋಡೆ ಅಂದದ್ದು ಸೊಸೆಗೆ ಬಹಳ ಹಿಡಿಸಿತು. ಒಂದು ಗೇಣು ಬಿಟ್ಟರೆ ಮುದುಕಿ ಅದರಲ್ಲೂ ನುಸುಳಿ ಬಂದಾಳು! ಜಾಲರಿಯ ಬುಡವನ್ನು ಕಾಂಕ್ರೀಟಿನಲ್ಲಿ ಹೂಳಿಸಿದಳು. ಇದ್ದುದರಲ್ಲೇ ದಪ್ಪ ತಂತಿ ಆರಿಸಿ ಎರಡೆರಡು ಸುತ್ತು ಬಿಗಿಸಿದಳು. ಗೇಟು ಎಲ್ಲಿಡಲಿ ಅಂದದ್ದಕ್ಕೆ ಗೇಟೇ ಬೇಡ ಅಂದಳು. ಕೂಲಿ ಕೊಡುವವಳು ಅವಳು, ನನಗೇನು ಎಂದು ಬೇಲಿಯವನು ಕಟ್ಟಿಕೊಟ್ಟು ಕೈ ತೊಳೆದುಕೊಂಡ. ಆಮೇಲೆ ಕೆಲವು ತಿಂಗಳು ಸೊಸೆ ನೆಮ್ಮದಿಯಾಗಿ ಅಡುಗೆ ಮಾಡಿದಳು.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನದಿ ಉಕ್ಕಿತು. ಕಿರಿಮಗ ಹೆಂಡತಿ ಮಕ್ಕಳೊಂದಿಗೆ ಮಾವನ ಮನೆಗೆ ಹೋಗಿದ್ದ, ಹಿರಿಯವನು ಕಾರ್ಖಾನೆಯಲ್ಲಿದ್ದ. ನೀರು ಬಂದಾಗಲೆಲ್ಲ ಆ ಮನೆಯವರು ಹಿತ್ತಿಲು ದಾಟಿ ಈ ಮನೆಯ ಎತ್ತರದ ಜಗಲಿ ಹತ್ತುತ್ತಿದ್ದರು. ಆಗ ಅವರಿಗೆ ಬೇರೆ ದಾರಿಯೇ ಇರಲಿಲ್ಲ, ಊರು ಸುತ್ತಿ ಹೋಗುವ ದಂಡೆಯ ಹಾದಿ ಮುಳುಗಿ ಉಳಿದ ಮೂರು ಕಡೆಯೂ ನೀರು. ಇದು ಸೊಸೆಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅವಳು ಹಿತ್ತಿಲ ಬಾಗಿಲು ತೆಗೆದಾಗ ಅತ್ತೆ ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಳು. ಟೊಂಗೆ, ಪ್ಲಾಸ್ಟಿಕ್ಕು, ಯಾರದೋ ಹರಿದ ಹಾಸಿಗೆ ಎಲ್ಲ ಬಂದು ಬೇಲಿಗೆ ಅಂಟಿಕೊಂಡಿದ್ದವು. ಈಚೆ ನೀರು ಮೊಣಕಾಲಿಗೆ, ಆಚೆ ಮುದುಕಿಯ ಎದೆಗೆ.

“ಕತ್ತರಿಸು,” ಅಂದಳು ಅತ್ತೆ.

ಇಕ್ಕಳ ಬಾಗಿಲ ಹಿಂದಿನ ಪೆಟ್ಟಿಗೆಯಲ್ಲೇ ಇತ್ತು. ಸೊಸೆ ತರಲಿಲ್ಲ. ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಹಾಯೆನಿಸಿತು. ನೀರಿಗಿಳಿದು ಬೇಲಿಯ ಹತ್ತಿರ ಹೋಗಿ, ಮುಖಕ್ಕೆ ಮುಖ ಕೊಟ್ಟು ನಿಂತಳು.

“ನನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳಿ ಅತ್ತೆ. ಒಂದೇ ಒಂದು. ಆಮೇಲೆ ಕತ್ತರಿಸ್ತೀನಿ.”

ಅತ್ತೆ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ನಿಜವಾಗಿಯೂ ಯೋಚಿಸುತ್ತಿದ್ದಳು, ಅದು ಮುಖದ ಮೇಲೆ ಕಾಣುತ್ತಿತ್ತು.

“ಹುಡುಕ್ತಾ ಇದೀನಿ ಕಣೆ,” ಅಂದಳು. “ಏನೂ ಸಿಗ್ತಿಲ್ಲ.”

ಸಿಗುವವರೆಗೂ ಹುಡುಕಿ, ನನಗೇನೂ ಅವಸರವಿಲ್ಲ ಎಂದು ಸೊಸೆ ಕೈಕಟ್ಟಿದಳು. ನೀರಿಗೆ ಅವಸರವಿತ್ತು. ಎಲ್ಲಿಂದಲೋ ಕಿತ್ತು ಬಂದ ಬಾಗಿಲೊಂದು ಮುದುಕಿಯ ಬೆನ್ನಿಗೆ ಬಡಿದು, ಅವಳ ಮುಖವನ್ನು ಜಾಲರಿಗೆ ಒತ್ತಿಹಿಡಿಯಿತು. ನೀರು ಗದ್ದಕ್ಕೆ ಬಂತು. ಆಗ ಸೊಸೆ ಕಟ್ಟಿದ ಕೈ ಬಿಟ್ಟಳು. ಓಡಿಹೋಗಿ ಇಕ್ಕಳ ತಂದಳು. ತಾನೇ ಆರಿಸಿದ ತಂತಿ, ತಾನೇ ಬಿಗಿಸಿದ ಎರಡು ಸುತ್ತು. ಇಕ್ಕಳ ಕಚ್ಚಿತು, ಜಾರಿತು, ಅಂಗೈ ಸೀಳಿತು. ಒಂದು ಕಟ್ಟೂ ಬಿಚ್ಚಲಿಲ್ಲ. ಬಾಯಿ ಬಡಿದುಕೊಂಡು ಕೂಗಿದಳು.

ಅಷ್ಟರಲ್ಲಿ ನೆರೆಯ ಸುದ್ದಿ ಕೇಳಿ ಕಾರ್ಖಾನೆಯಿಂದ ಮರಳಿದ್ದ ಗಂಡ ಪಕ್ಕದ ಮನೆಯವನೊಂದಿಗೆ ಹಾರೆ ಹಿಡಿದು ಬಂದ. ಇಬ್ಬರೂ ಸೇರಿ ಒಂದು ಕಂಬವನ್ನೇ ಮೀಟಿ ಕೆಡವಿದರು. ಜಾಲರಿ, ಕಸ, ಮುದುಕಿ ಎಲ್ಲ ಒಟ್ಟಿಗೆ ಈಚೆ ಉರುಳಿದವು.

ಜಗಲಿಯ ಮೇಲೆ ಕಂಬಳಿ ಹೊದಿಸಿ ಕೂರಿಸಿದಾಗ ಅತ್ತೆಯ ಕೆನ್ನೆಯ ತುಂಬ ಜಾಲರಿಯ ಅಚ್ಚು. ಅಮ್ಮ ಬಂದದ್ದನ್ನು ನೀನು ಯಾವಾಗ ನೋಡಿದೆ ಎಂದು ಗಂಡ ಕೇಳಿದ. ಮೊದಲ ಬಾರಿಗೆ ಅವನಿಗೊಂದು ಅಭಿಪ್ರಾಯ ಹುಟ್ಟುತ್ತಿತ್ತು. ಸೊಸೆ ಸೀಳಿದ ಅಂಗೈಗೆ ಸೆರಗು ಸುತ್ತಿಕೊಳ್ಳತೊಡಗಿದಳು. ಅತ್ತೆ ಕಣ್ಣು ಬಿಟ್ಟು ಸೊಸೆಯನ್ನೇ ನೋಡಿದಳು.

“ಅವಳನ್ನ ಏನೂ ಅನ್ಬೇಡ ಕಣೋ. ನನ್ನ ನೋಡಿದ ತಕ್ಷಣ ಓಡಿ ಬಂದಳು. ಇಂಥ ಸೊಸೆ ಯಾರಿಗೆ ಸಿಗ್ತಾಳೆ.”

ಕಿರಿಮಗನ ಮನೆ ಆ ನೆರೆಯಲ್ಲಿ ಕುಸಿಯಿತು. ಅವನು ಮಾವನ ಊರಲ್ಲೇ ಉಳಿದ. ಅತ್ತೆ ಹಿರಿಮಗನ ಮನೆಯ ನಡುಕೋಣೆಗೆ ಬಂದು ಮಂಚ ಹಾಕಿಸಿಕೊಂಡಳು. ಅಂದಿನಿಂದ ಹೊಗಳಿಕೆಗೆ ಬರವಿಲ್ಲ. ನೆಂಟರು ಬರಲಿ, ಹಾಲಿನವನು ಬರಲಿ, ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಅಂಗೈ ಬಿಡಿಸಿ ಗಾಯದ ಗುರುತು ತೋರಿಸಿ, ಅತ್ತೆ ಕಥೆ ಶುರುಮಾಡುತ್ತಾಳೆ. ಹೇಳುವಾಗ ಸೊಸೆಯ ಮುಖ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ಬಂದವರು ಕಣ್ಣೊರೆಸಿಕೊಂಡು ಹೋಗುತ್ತಾರೆ. ಗಂಡನೂ ಹೆಂಡತಿಯ ಮುಖವನ್ನು ಹೊಸದಾಗಿ ನೋಡಿ ಹೆಮ್ಮೆಪಡುತ್ತಾನೆ. ಸೊಸೆ ಒಲೆಯ ನೆಪ ಹೇಳಿ ಎದ್ದುಹೋಗಲು ನೋಡುತ್ತಾಳೆ, ಅತ್ತೆ ಕೈ ಬಿಡುವುದಿಲ್ಲ.

ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಅತ್ತೆಯ ಕಾಲು ಹಿಡಿದಳು. ನಿಜ ಏನೆಂದು ನಿಮ್ಮ ಮಗನಿಗೆ ಹೇಳಿಬಿಡಿ, ಬೇಕಾದರೆ ಮನೆಯಿಂದ ಹೊರಗೆ ಹಾಕಿಸಿ, ಈ ಹೊಗಳಿಕೆಯೊಂದನ್ನು ನಿಲ್ಲಿಸಿ ಎಂದು ಅತ್ತಳು.

ಅತ್ತೆ ಅವಳ ತಲೆ ಸವರಿದಳು.

“ನೀನೇ ಕೇಳಿದ್ದಲ್ವೇನೇ?”

ಹೊರಗೆ ಯಾರೋ ಬಾಗಿಲು ತಟ್ಟಿದರು. ಕಣ್ಣೊರೆಸಿಕೋ ಎಂದು ಹೇಳಿ ಅತ್ತೆ ಎದ್ದು ಕೂತಳು, ಸೊಸೆಯ ಅಂಗೈ ಹಿಡಿಯಲು ಕೈ ಚಾಚಿದಳು.