ಕರಿ ಬಣ್ಣದ ಕೆಳಗಿನ ಪೈಪು

ಉಪ್ಪಳದ ತನ್ನ ಗ್ಯಾರೇಜಿನಲ್ಲಿ ಪ್ರೇಮನಾಥ ಜೀಪಿನ ಕೆಳಗೆ ಅಂಗಾತ ಮಲಗಿದ್ದ. ಮೇಲೆ ಡ್ರೈವರ್ ಸೀಟಿನಲ್ಲಿ ಉಮ್ಮಾಲಿಮ್ಮ ಕೂತಿದ್ದರು. ಅದು ಅವರ ಮಗ ಜಂಶೀರನ ಸೀಟು. ಅವನು ತೀರಿಹೋಗಿ ಒಂದೂವರೆ ತಿಂಗಳಾಗಿತ್ತು.

ಹೊಸ ಬ್ರೇಕ್ ಪೈಪು ಹಾಕಿದ ಮೇಲೆ ಒಳಗಿನ ಗಾಳಿ ತೆಗೆಯಬೇಕು. ಒಬ್ಬರು ಮೇಲೆ ಪೆಡಲ್ ಒತ್ತಿದರೆ ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಬೇಕು. ಈ ಜೀಪಿಗೆ ಯಾವತ್ತೂ ಜಂಶೀರನೇ ಒತ್ತುತ್ತಿದ್ದ, ಬಾಯಿಗೆ ಬಿಡುವು ಕೊಡದೆ. ಇವತ್ತು "ನಾನು ಒತ್ತುತ್ತೇನೆ ಮೋನೇ" ಎಂದು ಅವನ ತಾಯಿ ಹತ್ತಿದ್ದರು. ಜೀಪು ಮಾರುವ ಮೊದಲು ಒಮ್ಮೆ ಅಲ್ಲಿ ಕೂರುವ ಆಸೆಯೂ ಇದ್ದಿರಬೇಕು. ಮಗನ ಗೆಳೆಯನನ್ನೂ ಅವರು ಮಗನೆಂದೇ ಕರೆಯುತ್ತಿದ್ದರು, ಮೋನೇ ಅಂತ.

ಬಾಯಾರಿನ ಇಳಿಜಾರಿನಲ್ಲಿ, ಮೀನು ಸಾಗಿಸುತ್ತಿದ್ದ ಇದೇ ಜೀಪು ನೇರ ಹೋಗಿ ಕೆಂಪುಕಲ್ಲಿನ ಗೋಡೆಗೆ ಗುದ್ದಿತ್ತು. ಡ್ರೈವರನಿಗೆ ನಿದ್ದೆ ಹತ್ತಿದೆ ಎಂದು ಊರು ತೀರ್ಪು ಕೊಟ್ಟು ಕೈತೊಳೆದುಕೊಂಡಿತು. ಊರಿಗೇನು ಹೋಗುತ್ತದೆ! ಹಿಂದಿನ ದಿನ ಮದುವೆ ಮನೆಯಿಂದ ತಡವಾಗಿ ಬಂದು ಮಲಗಿದ್ದವನನ್ನು ಬೆಳಗಿನ ಬಾಂಗಿಗೆ ಮೊದಲೇ ಎಬ್ಬಿಸಿದ್ದವರು ಉಮ್ಮಾಲಿಮ್ಮ. ಆಮೇಲೆ ಆ ಹೆಂಗಸು ನೆಟ್ಟಗೆ ಒಂದು ತುತ್ತು ಉಂಡಿರಲಿಲ್ಲ.

ನಿಜ ಏನೆಂಬುದು ಪ್ರೇಮನಾಥನ ಕೈಗೆಟಕುವಷ್ಟು ದೂರದಲ್ಲೇ ಬಿದ್ದಿತ್ತು. ಕಳಚಿ ಹಾಕಿದ ಹಳೇ ಪೈಪು. ಮೀನಿನ ಪೆಟ್ಟಿಗೆಗಳಿಂದ ಸೋರಿದ ಉಪ್ಪುನೀರು ಅದನ್ನು ತಿಂದು ಹಾಕಿತ್ತು. ಅದರ ಮೇಲೆ ಕರಿ ಬಣ್ಣ. ಆ ವರ್ಷ, 2007ರ ಮಳೆಗಾಲಕ್ಕೆ ಮುಂಚೆ, ಫಿಟ್‌ನೆಸ್ ಪರೀಕ್ಷೆಗೆಂದು ಜೀಪಿನ ಅಡಿಗೆಲ್ಲ ಬಣ್ಣ ಬಳಿದು ಹೊಸತರ ಹಾಗೆ ಮಾಡಿದ್ದವನು ಇವನೇ. "ಪೈಪು ಹೋಗಿದ್ರೆ ಬದಲಿಸು ಮಾರಾಯ" ಎಂದು ಜಂಶೀರ್ ಹೇಳಿದ್ದ. "ಇದೊಂದು ಮಳೆಗಾಲಕ್ಕೆ ಎಂತ ಸಾ ಆಗುದಿಲ್ಲ" ಎಂದು ಇವನು ಬ್ರಷ್ ಅದ್ದಿದ್ದ. ಎಂಥ ಜಾಣ!

"ಒತ್ತಿ ಉಮ್ಮಾ. ಹಿಡ್ಕೊಳ್ಳಿ. ಆಯ್ತು, ಬಿಡಿ."

ಹತ್ತಿಪ್ಪತ್ತು ಸಲ ಹಾಗೆ ನಡೆಯಿತು.

"ಈಗ ಗಟ್ಟಿ ಆಯ್ತು ಮೋನೇ," ಎಂದರು ಉಮ್ಮಾಲಿಮ್ಮ. "ಒಂದೇ ಸರ್ತಿ ಹೀಗೆ ಒತ್ತಿದ್ರೆ ಸಾಕಿತ್ತಲ್ಲ ಅವನಿಗೆ. ನಾನು ಎಬ್ಬಿಸಿದ್ದೇ ತಪ್ಪು. ನಾನೇ ಕೊಂದದ್ದು."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಈ ತಾಯಿ ಸಾಯುವ ತನಕ ಹೀಗೇ ಬೇಯಬೇಕು. ಪ್ರೇಮನಾಥನಿಗೆ ತಡೆಯಲಾಗಲಿಲ್ಲ.

"ಅವನಿಗೆ ನಿದ್ದೆ ಬರ್ಲಿಲ್ಲ ಉಮ್ಮಾ. ಅವನು ಒತ್ತಿದ್ದಾನೆ. ಜೋರು ಒತ್ತಿದ್ದಕ್ಕೇ ಪೈಪು ಒಡೆದದ್ದು. ತುಕ್ಕು ಹಿಡಿದದ್ದು ನನಗೆ ಗೊತ್ತಿತ್ತು. ಬಣ್ಣ ಬಳಿದು ಕಳಿಸಿದ್ದು ನಾನು."

ಜೀಪಿನ ತಳದಿಂದ ಕೆಳಗಿಳಿದಿದ್ದ ಪೆಡಲಿನ ಕಬ್ಬಿಣ ಒತ್ತಿಕೊಂಡೇ ಇತ್ತು.

"ಒತ್ತಿದ್ನಾ?"

"ಮತ್ತೆ ಮತ್ತೆ ಒತ್ತಿರ್ಬೇಕು."

"ನನ್ನ ಮಗ ಎಚ್ಚರ ಇದ್ದ," ಎಂದು ಅವರು ಅಳತೊಡಗಿದರು. ಪ್ರೇಮನಾಥನಿಗೆ ಒಂದು ಕ್ಷಣ ಉಸಿರು ಬಂದ ಹಾಗಾಯಿತು. ಆಮೇಲೆ ಅಳು ಥಟ್ಟನೆ ನಿಂತಿತು. "ಹಾಗಾದ್ರೆ ಗೋಡೆ ಬರುದು ಅವನಿಗೆ ಕಂಡಿದೆ. ನಿದ್ದೆಯಲ್ಲಿ ಹೋದ, ಎಂತ ಸಾ ಗೊತ್ತಾಗ್ಲಿಲ್ಲ ಅಂತ ಅಷ್ಟಾದ್ರೂ ಸಮಾಧಾನ ಇತ್ತು ನನಗೆ."

ಪೆಡಲ್ ಮೇಲೆದ್ದಿತು. ಅವರು ಇಳಿದು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಬಾಗಿಲ ತನಕ ಹೋಗಿ ನಿಂತರು.

"ಕೆಲಸ ಪೂರ್ತಿ ಮಾಡಿ, ಮೇಸ್ತ್ರಿ."

ಇಷ್ಟು ವರ್ಷದಲ್ಲಿ ಅವರು ಅವನನ್ನು ಹಾಗೆ ಕರೆದದ್ದು ಅದೇ ಮೊದಲು.