ಮೂವತ್ತೊಂದು ವರ್ಷ ಬಾಕಿ ಉಳಿದ ಕಾಂಕ್ರೀಟ್ ಎರಡು

ಭಾನುವಾರದ ಊಟಕ್ಕೆ ಕೂತಿದ್ದಾಗ ನೊಯೇಲಿಯಾ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ಅಪ್ಪಾ, ನಿನ್ನ ಥೀಸಿಸ್ ಯಾವುದರ ಮೇಲಿತ್ತು?"

ಇಲಾರಿಯೋನ್ ಸುಬಿಯೆತಾನ ಕೈಲಿದ್ದ ಆಲೂಗಡ್ಡೆ ಅರ್ಧ ಸುಲಿದಲ್ಲಿಗೇ ನಿಂತಿತು. ಅವನಿಗೆ ಐವತ್ತಾರು ವರ್ಷ. ಒರೂರೋ ಊರಿನಲ್ಲಿ ಅವನನ್ನು ಇಂಜಿನಿಯರ್ ಸಾಹೇಬ್ರೆ ಅನ್ನದೆ ಬರೀ ಹೆಸರು ಹಿಡಿದು ಕರೆಯುವವಳು ಹೆಂಡತಿ ಬಸಿಲಿಯಾ ಒಬ್ಬಳೇ.

"ಸೇತುವೆ," ಅಂದ. "ದೆಸಾಗ್ವಾದೆರೋ ಹೊಳೆಗೆ ಒಂದು ಸೇತುವೆ."

"ಹೌದಾ! ನಾನೂ ಸೇತುವೆ ಮೇಲೇ ಮಾಡೋಣ ಅನ್ಕೊಂಡಿದೀನಿ. ಲೈಬ್ರರೀಲಿ ಇರತ್ತಲ್ಲ, ನೋಡ್ತೀನಿ ತಾಳು."

ಮಗಳು ಓದುತ್ತಿದ್ದುದು ಅಪ್ಪ ಓದಿದ ಇಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲೇ, ಅದೇ ಸಿವಿಲ್ ವಿಭಾಗದಲ್ಲೇ, ಮೂರನೆಯ ವರ್ಷ. ಹದಿನೈದು ದಿನ ಕಳೆದ ಮೇಲೆ ತೋಳಿನ ತುಂಬ ಧೂಳು ಮಾಡಿಕೊಂಡು ಬಂದಳು. "ನಾಲ್ಕು ಕಪಾಟು ಜಾಲಾಡಿದ್ವಿ. ಲೈಬ್ರರಿ ಅಮ್ಮ ಪಾಪ, ಮಂಡಿನೋವು ಇಟ್ಕೊಂಡು ಏಣಿ ಹತ್ತಿದ್ರು. ಸಿಗಲೇ ಇಲ್ಲಪ್ಪ."

"ಕಟ್ಟಡ ಬದಲಾಯಿಸಿದಾಗ ಎಲ್ಲೋ ಕಳೆದಿರಬೇಕು," ಅಂದ ಇಲಾರಿಯೋನ್. ಅಂದವನು ಊಟ ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಹೋದ. ಅಲ್ಲಿ ಸುತ್ತಿಟ್ಟಿದ್ದ ನೀರಿನ ಪೈಪನ್ನು ಬಿಚ್ಚಿ, ಮತ್ತೆ ಮೊದಲಿನ ಹಾಗೇ ಸುತ್ತಿಟ್ಟ.

ಥೀಸಿಸ್ ಕಳೆದಿರಲಿಲ್ಲ. ಬರೆದೇ ಇರಲಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನಿಗೆ ಉಳಿದಿದ್ದುದು ಕಾಂಕ್ರೀಟ್ ಎರಡು ಅನ್ನುವ ಒಂದು ವಿಷಯ ಮತ್ತು ಕೊನೆಯ ಪ್ರಬಂಧ, ಅಷ್ಟೇ. ಆ ಚಳಿಗಾಲದಲ್ಲಿ ಗಣಿಯ ಧೂಳು ಕುಡಿದಿದ್ದ ಅಪ್ಪನ ಶ್ವಾಸಕೋಶ ಕೈಕೊಟ್ಟಿತು. ಕರಕೊಯ್ಯೋ ಅನ್ನುವ ಊರಿನ ರಸ್ತೆ ಕೆಲಸಕ್ಕೆ ಜನ ಬೇಕಾಗಿತ್ತು, ಇಲಾರಿಯೋನ್ ಓದು ಬಿಟ್ಟು ಹೋದ. ಮೊದಲ ದಿನ ಬೆಳಿಗ್ಗೆ ಕೂಲಿಯವನೊಬ್ಬ ಟೋಪಿ ತೆಗೆದು "ನಮಸ್ಕಾರ ಇಂಜಿನಿಯರ್ ಸಾಹೇಬ್ರೆ" ಅಂದ. ನಾಚಿಕೆಗೆ ಇಲಾರಿಯೋನ್ ಸುಮ್ಮನಿದ್ದ. ಎರಡನೆಯ ದಿನ, ಮೊದಲ ದಿನ ತಿದ್ದಲಿಲ್ಲವಲ್ಲ ಎಂದು ಸುಮ್ಮನಿದ್ದ. ಆಮೇಲೆ ತಿದ್ದುವುದಕ್ಕೆ ಸರಿಯಾದ ದಿನ ಅಂತ ಒಂದೂ ಸಿಗಲಿಲ್ಲ. ಕೆಲಸ ಅವನಿಗೆ ಚೆನ್ನಾಗಿ ಬರುತ್ತಿತ್ತು. ಕಟ್ಟುತ್ತಿದ್ದವನು ಅವನು, ನಕ್ಷೆಯ ಕೆಳಗೆ ಸಹಿ ಹಾಕುತ್ತಿದ್ದವರು ಬೇರೆಯವರು. ಬಸಿಲಿಯಾ ಅವನನ್ನು ಮದುವೆಯಾದದ್ದೂ ಇಂಜಿನಿಯರ್ ಅಂತಲೇ.

ಮುಂದಿನ ಗುರುವಾರ ಅವನು ವಿದ್ಯಾರ್ಥಿ ನೆರವು ಕಚೇರಿಯ ಬಾಗಿಲು ತಟ್ಟಿದ. ಲೋಹಶಾಸ್ತ್ರ ವಿಭಾಗದ ಮೆಟ್ಟಿಲ ಕೆಳಗೆ ಇದ್ದ ಕಿರಿದಾದ ಕೋಣೆ ಅದು. ಒಳಗೆ ರೆಮೆಡಿಯೋಸ್ ಎಂಬ ದಪ್ಪನೆಯ ಹೆಂಗಸು ಕೋಟಿನ ಮೇಲೆ ಶಾಲು ಹೊದ್ದು ಕೋಕಾ ಎಲೆಯ ಚಹಾ ಕುಡಿಯುತ್ತಿದ್ದಳು.

"ಬನ್ನಿ, ಕೂತ್ಕೊಳ್ಳಿ. ಮಗನಾ ಮಗಳಾ? ಯಾವ ವಿಷಯ ಹೋಗಿದೆ?"

"ಹೋಗಿರೋದು ನಂದೇ ಮೇಡಂ," ಅಂದ ಇಲಾರಿಯೋನ್. "ನಾನೇ ವಿದ್ಯಾರ್ಥಿ."

ಅವಳು ನಗಲಿಲ್ಲ. ಹಳೆಯ ವಿದ್ಯಾರ್ಥಿಗಳು ಬಂದು ಪದವಿ ಮುಗಿಸಿಕೊಳ್ಳಲು ಒಂದು ಯೋಜನೆ ಇತ್ತು, ಅದರ ಅರ್ಜಿ ಅವಳ ಮೇಜಿನ ಖಾನೆಯಲ್ಲೇ ಇತ್ತು. ಇನ್ನೊಂದು ಲೋಟಕ್ಕೆ ಚಹಾ ಬಗ್ಗಿಸಿ ಮುಂದಿಟ್ಟಳು. "ಎಷ್ಟು ವರ್ಷ ಆಯ್ತು?"

"ಮೂವತ್ತೊಂದು."

"ಹೋದ್ವರ್ಷ ಒಬ್ರು ಮೂವತ್ತೆಂಟು ವರ್ಷ ಬಿಟ್ಟು ಬಂದಿದ್ರು. ನೀವಿನ್ನೂ ಹುಡುಗ್ರು ಬಿಡಿ."

ಅರ್ಜಿ ತುಂಬಿದಷ್ಟು ಸುಲಭಕ್ಕೆ ಕೆಲಸ ಮುಗಿಯಲಿಲ್ಲ. ಸಿವಿಲ್ ವಿಭಾಗದವರು ದಾಖಲೆ ವಿಭಾಗಕ್ಕೆ ಕಳಿಸಿದರು. ದಾಖಲೆಯವರು, ಆಗಿನ ಗಣಿತದ ಪತ್ರಿಕೆ ಈಗ ಇಲ್ಲ, ಗಣಿತ ವಿಭಾಗದಿಂದ ಚೀಟಿ ತನ್ನಿ ಅಂದರು. ಗಣಿತದವರು, ಇದು ಸಿವಿಲ್‌ನವರ ತಲೆನೋವು ಅಂದರು. ಒಬ್ಬನೇ ಆಗಿದ್ದರೆ ಇಲಾರಿಯೋನ್ ಎರಡನೆಯ ಬಾಗಿಲಿಂದಲೇ ಮನೆಗೆ ವಾಪಸಾಗುತ್ತಿದ್ದ. ರೆಮೆಡಿಯೋಸ್ ಅವನ ಕಡತವನ್ನು ಕಂಕುಳಲ್ಲಿ ಇರುಕಿಕೊಂಡು, ಉಬ್ಬಸ ಬಿಡುತ್ತ, ಮೂರು ಮಹಡಿ ಹತ್ತಿ ಇಳಿದಳು. ಗಣಿತ ವಿಭಾಗದ ಗುಮಾಸ್ತನ ಎದುರು ಕುರ್ಚಿ ಎಳೆದು ಕೂತೇಬಿಟ್ಟಳು.

"ಅಪ್ಪಾ ತಂದೆ, ಚೀಟಿ ಬರೆಯೋವರ್ಗೂ ನಾನಿಲ್ಲೇ ಕೂತಿರ್ತೀನಿ. ನನ್ನ ಊಟದ ಡಬ್ಬೀನೂ ತಂದಿದೀನಿ. ಈರುಳ್ಳಿ ಜಾಸ್ತಿ ಹಾಕಿದೀನಿ, ವಾಸನೆ ಬಂದ್ರೆ ಬೇಜಾರು ಮಾಡ್ಕೋಬೇಡ."

ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಚೀಟಿ ಸಿಕ್ಕಿತು.

ಕಾಂಕ್ರೀಟ್ ಎರಡರ ಮೊದಲ ತರಗತಿಗೆ ಇಲಾರಿಯೋನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಅದೇ ತಪ್ಪಾಯಿತು. ಅವನು ಒಳಗೆ ಕಾಲಿಡುತ್ತಿದ್ದಂತೆ ಮೂವತ್ತು ಹುಡುಗ ಹುಡುಗಿಯರು ದಡಬಡ ಎದ್ದು ನಿಂತು "ನಮಸ್ಕಾರ ಸಾರ್" ಅಂದರು. ಅವನು ಕರಿಹಲಗೆ ದಾಟಿ, ಸಾಲುಗಳನ್ನು ದಾಟಿ, ಕೊನೆಯ ಬೆಂಚಿಗೆ ಹೋಗಿ ಕೂತಾಗ ಎಲ್ಲರ ಕತ್ತೂ ಅವನ ಹಿಂದೆಯೇ ತಿರುಗಿತು. ಪಕ್ಕದಲ್ಲಿದ್ದ ಲಿಂಬರ್ಟ್ ಎಂಬ ಹುಡುಗ ಮೆಲ್ಲಗೆ ಕೇಳಿದ: "ಸಾರ್, ತಪಾಸಣೆಗೆ ಬಂದಿದೀರಾ?"

"ಇಲ್ಲಪ್ಪ. ಫೇಲಾಗಿ ಬಂದಿದೀನಿ."

ಪಾಠ ಮಾಡಲು ಬಂದವನು ಗ್ರೋವರ್ ತಿಕೋನಾ. ಇಲಾರಿಯೋನ್‌ನ ಜೊತೆಗೆ ಇದೇ ಬೆಂಚುಗಳಲ್ಲಿ ಕೂತು ಓದಿದವನು. ಹಾಜರಿ ಪುಸ್ತಕದಲ್ಲಿ ಸುಬಿಯೆತಾ ಅನ್ನುವ ಹೆಸರಿಗೆ ಬಂದಾಗ ಅವನ ಧ್ವನಿ ಒಂದು ಗಳಿಗೆ ತಡೆಯಿತು. ಇಲಾರಿಯೋನ್ "ಹಾಜರ್" ಅಂದ. ತಿಕೋನಾ ಗುರುತು ಹಾಕಿ ಮುಂದಿನ ಹೆಸರಿಗೆ ಹೋದ. ತರಗತಿ ಮುಗಿದ ಮೇಲೆ ಮಾತ್ರ ಬಾಗಿಲಲ್ಲಿ ತಡೆದು ನಿಲ್ಲಿಸಿದ.

"ಅಲ್ಲ ಕಣೋ, ನಿನ್ನ ಮನೆ ತಾರಸಿ ಹಾಕಿದ ದಿನ ನನ್ನನ್ನೂ ಕರೆದಿದ್ದೆ. ಆಮಂತ್ರಣದಲ್ಲಿ ಇಂಜಿನಿಯರ್ ಸುಬಿಯೆತಾ ಅಂತಲೇ ಅಚ್ಚಾಗಿತ್ತು."

"ಹೌದು."

"ನಾನು ಏನೂ ಅನ್ನಲಿಲ್ಲ. ಇವತ್ತೂ ಅನ್ನಲ್ಲ. ಆದ್ರೆ ಒಂದು ಹೇಳ್ತೀನಿ, ಗೆಳೆಯ ಅಂತ ಅರ್ಧ ಅಂಕಾನೂ ಕೊಡಲ್ಲ."

"ಕೊಟ್ರೆ ನಾನು ತಗೊಳಲ್ಲ," ಅಂದ ಇಲಾರಿಯೋನ್. ಇಬ್ಬರಿಗೂ ಕೈ ಕುಲುಕಬೇಕೋ ಬೇಡವೋ ತಿಳಿಯದೆ, ಕೊನೆಗೆ ತಲೆಯಾಡಿಸಿ ಬೇರೆ ಬೇರೆ ದಿಕ್ಕಿಗೆ ಹೋದರು.

ಕೆಲಸದ ಜಾಗದಲ್ಲಿ ಕಾಂಕ್ರೀಟನ್ನು ಬೂಟಿನ ತುದಿಯಿಂದ ಒತ್ತಿ ನೋಡಿ ಹದ ಹೇಳಬಲ್ಲವನಿಗೆ ಪುಸ್ತಕದ ಸೂತ್ರಗಳು ಪರದೇಶದ ಭಾಷೆಯಂತಿದ್ದವು. ರೆಮೆಡಿಯೋಸ್ ಅವನನ್ನು ಲಿಂಬರ್ಟ್‌ನ ಓದುವ ಗುಂಪಿಗೆ ಸೇರಿಸಿದಳು. ವಾರಕ್ಕೆ ಮೂರು ಸಂಜೆ ನಾಲ್ಕು ಜನ ಹುಡುಗರು ಅವನಿಗೆ ಲೆಕ್ಕ ಕಲಿಸುತ್ತಿದ್ದರು. ಅವನಿಗೆ ಸಿಮೆಂಟ್ ತಾತ ಅಂತ ಹೆಸರೂ ಇಟ್ಟರು.

"ತಾತಾ, ಇಲ್ಲಿ ಚಿಹ್ನೆ ತಪ್ಪಾಗಿದೆ. ಈ ತೊಲೆ ಮೇಲಕ್ಕೆ ಬಾಗತ್ತೆ."

"ಬಾಗಲಿ ಬಿಡ್ರೋ, ಅದಕ್ಕೂ ಆಕಾಶ ನೋಡೋ ಆಸೆ ಇರಲ್ವಾ?"

ಅವನೂ ಅವರಿಗೆ ಕೆಲವನ್ನು ಹೇಳಿಕೊಟ್ಟ. ಪ್ರಸ್ಥಭೂಮಿಯ ಚಳಿಯಲ್ಲಿ ಹೊಸ ಕಾಂಕ್ರೀಟು ಹೇಗೆ ಒಳಗಿಂದೊಳಗೇ ಹೆಪ್ಪುಗಟ್ಟಿ ಮೂರನೆಯ ತಿಂಗಳಿಗೆ ಬಿರುಕು ಬಿಡುತ್ತದೆ, ಒಣಹುಲ್ಲನ್ನು ಎಷ್ಟು ದಪ್ಪ ಹೊದಿಸಬೇಕು, ನೀರನ್ನು ಎಷ್ಟು ಬೆಚ್ಚಗೆ ಮಾಡಿ ಹಾಕಬೇಕು, ಯಾವ ಗಾಳಿ ಬೀಸಿದರೆ ಆ ದಿನದ ಕೆಲಸವನ್ನೇ ನಿಲ್ಲಿಸಬೇಕು. ಹುಡುಗರು ಬರೆದುಕೊಂಡರು.

ಆದರೂ ಮೊದಲ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು ಇಪ್ಪತ್ತಮೂರು. ಪಾಸಾಗಲು ಐವತ್ತೊಂದು ಬೇಕು.

ಮಗಳಿಗೆ ಕಾಣದ ಹಾಗೆ ಓಡಾಡುವುದನ್ನು ಅವನು ಇನ್ನೊಂದು ವಿಷಯದಂತೆ ಅಭ್ಯಾಸ ಮಾಡಿದ್ದ. ಅವಳ ವೇಳಾಪಟ್ಟಿ ಅವನಿಗೆ ಬಾಯಿಪಾಠವಾಗಿತ್ತು, ಮಂಗಳವಾರ ಹಿಂಬಾಗಿಲಿಂದಲೇ ಬರುತ್ತಿದ್ದ. ಆದರೆ ಅಂಕಗಳ ಪಟ್ಟಿಯನ್ನು ವಿಭಾಗದ ಗೋಡೆಗೆ ಅಂಟಿಸುತ್ತಾರೆಂಬುದನ್ನು ಮರೆತಿದ್ದ. ಆ ಸಂಜೆ ಗೇಟಿನ ಎದುರಿನ ಅಂಗಡಿಯಲ್ಲಿ ಅವನು ನೇರಳೆ ಮೆಕ್ಕೆಜೋಳದ ಬಿಸಿ ಗಂಜಿಯ ಲೋಟ ಹಿಡಿದು ಕೂತಿದ್ದಾಗ ಎದುರಿನ ಕುರ್ಚಿ ಕರ್ರೆಂದು ಸರಿಯಿತು.

"ಇಪ್ಪತ್ಮೂರಾ ಅಪ್ಪಾ?"

ಇಲಾರಿಯೋನ್ ಲೋಟ ಕೆಳಗಿಟ್ಟ.

"ಇಡೀ ಊರಲ್ಲಿ ಇಲಾರಿಯೋನ್ ಸುಬಿಯೆತಾ ಅನ್ನೋ ಇನ್ನೊಬ್ಬ ಇರಬಹುದು ಅಂತ ಅನ್ಕೊಂಡೆ. ಪಟ್ಟಿ ಮುಂದೆ ಹತ್ತು ನಿಮಿಷ ನಿಂತೆ. ಆಮೇಲೆ ನಿನ್ನ ಹುಟ್ಟಿದ ತಾರೀಖು ನೋಡಿದೆ."

ಅವನು ಎಲ್ಲವನ್ನೂ ಹೇಳಿದ. ಅಪ್ಪನ ಕೆಮ್ಮು, ಕರಕೊಯ್ಯೋ, ಟೋಪಿ ತೆಗೆದ ಕೂಲಿಯವನು, ಆಮೇಲಿನ ಮೌನ. ಹೇಳುತ್ತ ಹೇಳುತ್ತ ಗಂಜಿ ಆರಿ ಮೇಲೆ ಕೆನೆ ಕಟ್ಟಿತು. ನೊಯೇಲಿಯಾ ಕಣ್ಣೊರೆಸಿಕೊಳ್ಳಲಿಲ್ಲ, ಸಿಟ್ಟಿನಿಂದ ಮೂಗು ಸೇದಿದಳು.

"ನೀನು ಪದವಿ ಮುಗಿಸಿಲ್ಲ ಅಂತ ನಂಗೇನೂ ಬೇಜಾರಿಲ್ಲ. ಆದ್ರೆ ಆ ಲೈಬ್ರರಿ ಅಮ್ಮನ್ನ ಏಣಿ ಹತ್ತಿಸಿದ್ಯಲ್ಲಪ್ಪ! ಕಳೆದಿರಬೇಕು ಅಂತ ನನ್ನ ಮುಖ ನೋಡ್ಕೊಂಡೇ ಹೇಳಿದ್ಯಲ್ಲ!"

"ತಪ್ಪಾಯ್ತು."

"ಅಮ್ಮನಿಗೆ ಗೊತ್ತಾ?"

"ಇಲ್ಲ."

"ಹೇಳು. ನಾನು ಹೇಳಲ್ಲ. ನೀನೇ ಹೇಳಬೇಕು." ಎದ್ದು ನಿಂತವಳು ಮತ್ತೆ ಕೂತಳು. ಅವನ ಚೀಲದಿಂದ ಉತ್ತರ ಪತ್ರಿಕೆ ಎಳೆದು ತೆಗೆದು ಬಿಡಿಸಿದಳು. "ಎರಡನೇ ಪ್ರಶ್ನೆಗೆ ಹಳೇ ಸೂತ್ರ ಹಾಕಿದೀಯ. ಇದನ್ನ ಬದಲಾಯಿಸಿ ಎಷ್ಟೋ ವರ್ಷ ಆಯ್ತು."

ಬಸಿಲಿಯಾಗೆ ಅವನು ಮರುದಿನ ಬೆಳಿಗ್ಗೆ, ಅವಳು ಬಟ್ಟೆ ಒಗೆಯುತ್ತಿದ್ದಾಗ ಹೇಳಿದ. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಮೂರು ದಿನ ಅವನೊಂದಿಗೆ ಮಾತಾಡಲಿಲ್ಲ. ಸಾರು ಬಡಿಸಿದಳು, ಬ್ರೆಡ್ಡು ಇಟ್ಟಳು, ಎದುರು ಕೂತು ಉಂಡಳು, ಒಂದು ಮಾತಿಲ್ಲ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅಷ್ಟು ದೊಡ್ಡ ಸದ್ದನ್ನು ಅವನು ಕೇಳಿರಲಿಲ್ಲ. ನಾಲ್ಕನೆಯ ದಿನ ಅವಳೇ ಬಾಯಿ ಬಿಟ್ಟಳು.

"ನನ್ನ ತಂಗಿ ಮುಂದೆ, ನನ್ನ ಅಮ್ಮನ ಮುಂದೆ, ಎಲ್ರ ಮುಂದೆ ನನ್ನ ಗಂಡ ಇಂಜಿನಿಯರ್ರು ಅಂತ ಎದೆ ಉಬ್ಬಿಸ್ಕೊಂಡು ತಿರುಗಿದ್ನಲ್ಲ ನಾನು. ನನ್ನನ್ನೂ ಸುಳ್ಳುಗಾತಿ ಮಾಡಿದೆ."

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

"ಪಾಸಾಗೋಕೆ ಎಷ್ಟು ಬೇಕು?"

"ಐವತ್ತೊಂದು."

"ಹಾಗಾದ್ರೆ ಇಲ್ಲಿ ನನ್ನ ಮುಖ ನೋಡ್ತಾ ಯಾಕೆ ಕೂತಿದೀಯ? ಹೋಗು, ಓದು."

ಉಳಿದಿದ್ದು ಕೆಲಸದವರು. ಅವರಿಗೆ ಹೇಳಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ, ಅವರು ಕಟ್ಟುತ್ತಿದ್ದ ಶಾಲೆಯ ಅಂಗಳದಲ್ಲಿ ಹನ್ನೆರಡು ಜನರನ್ನು ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, "ನಾನು ಇಂಜಿನಿಯರ್ ಅಲ್ಲ, ಯಾವತ್ತೂ ಆಗಿರಲಿಲ್ಲ, ಈಗ ಓದ್ತಾ ಇದೀನಿ," ಅಂದ. ಗಾಳಿ ಮರಳಿನ ರಾಶಿಯ ಮೇಲೆ ಸುಯ್ಯೆಂದಿತು. ಇಪ್ಪತ್ತು ವರ್ಷದಿಂದ ಜೊತೆಗಿದ್ದ ಹಿರಿಯ ಮೇಸ್ತ್ರಿ ಎಪಿಫಾನಿಯೋ ಕೆನ್ನೆಯಲ್ಲಿಟ್ಟು ಜಗಿಯುತ್ತಿದ್ದ ಕೋಕಾ ಎಲೆಯನ್ನು ಆಚೆ ಕೆನ್ನೆಗೆ ಸರಿಸಿದ.

"ನೀವು ಹೇಳಿದ ಹಾಗೆ ಹಾಕಿದ ಒಂದು ಕಂಬಾನೂ ಇವತ್ತಿನವರೆಗೆ ವಾಲಿಲ್ಲ. ಅದು ಬೇರೆ ಮಾತು. ಆದ್ರೆ ಇಷ್ಟು ವರ್ಷ ನಾನು ಟೋಪಿ ತೆಗೆದ್ನಲ್ಲ, ಅದಕ್ಕೆ ನಂಗೆ ನೋವಾಗಿದೆ."

"ಗೊತ್ತು ಎಪಿಫಾನಿಯೋ."

"ಪರೀಕ್ಷೆ ಯಾವಾಗ?"

"ಮುಂದಿನ ತಿಂಗಳು ಒಂಬತ್ತಕ್ಕೆ."

"ಹಾಗಾದ್ರೆ ಮಧ್ಯಾಹ್ನದ ಮೇಲೆ ಇಲ್ಲಿ ಕಾಣಿಸ್ಕೋಬೇಡ. ತಾರಸಿ ನಾನು ನೋಡ್ಕೋತೀನಿ. ಹೋಗೋ ವಿದ್ಯಾರ್ಥಿ!" ಅಂದ ಅವನು. ಆಗ ಹಲವರು ನಕ್ಕರು, ಕೆಲವರು ಮಾತ್ರ ನಗಲಿಲ್ಲ. ಒಬ್ಬ ಆ ವಾರದ ಕೊನೆಗೆ ಕೆಲಸ ಬಿಟ್ಟು ಹೋದ. ಅವನನ್ನು ಹುಡುಕಿಕೊಂಡು ಹೋಗಿ ಒಪ್ಪಿಸಬೇಕು ಅಂತ ಇಲಾರಿಯೋನ್‌ಗೆ ಅನ್ನಿಸಿತು, ಆಮೇಲೆ ಅವನ ಸಿಟ್ಟು ನ್ಯಾಯವೇ ಅಂತ ಬಿಟ್ಟ.

ಕೊನೆಯ ಪಟ್ಟಿಯಲ್ಲಿ ಅವನ ಹೆಸರಿನ ಎದುರು ಐವತ್ತನಾಲ್ಕು ಇತ್ತು. ಲಿಂಬರ್ಟ್‌ಗೆ ಐವತ್ತೆರಡು. ಲಿಂಬರ್ಟ್ ಕಾರಿಡಾರಿನ ತುಂಬ "ಸಿಮೆಂಟ್ ತಾತ ನನ್ನ ಮೀರಿಸಿಬಿಟ್ಟ, ಮರ್ಯಾದೆ ಹೋಯ್ತು" ಅಂತ ಕೂಗಿಕೊಂಡು ಓಡಿದ.

ಪ್ರಬಂಧಕ್ಕೆ ಅವನು ಸೇತುವೆಯನ್ನು ಆರಿಸಲಿಲ್ಲ. ತನಗೆ ನಿಜವಾಗಿ ಗೊತ್ತಿದ್ದುದನ್ನೇ ಬರೆದ: ಪ್ರಸ್ಥಭೂಮಿಯ ಹಿಮದ ತಿಂಗಳುಗಳಲ್ಲಿ ಕಾಂಕ್ರೀಟನ್ನು ಕಾಪಾಡುವ ಬಗೆ. ಬರೆದು ಮುಗಿಸಲು ಇನ್ನೂ ಎಂಟು ತಿಂಗಳು ಹಿಡಿಯಿತು. ಮಂಡನೆಯ ದಿನ ಸಿವಿಲ್ ವಿಭಾಗದ ಸಭಾಂಗಣದಲ್ಲಿ ರೆಮೆಡಿಯೋಸ್ ಮುಂದಿನ ಸಾಲಿನಲ್ಲಿ, ಹುಡುಗರು ನಡುವೆ, ಬಸಿಲಿಯಾ ಮತ್ತು ನೊಯೇಲಿಯಾ ಕಿಟಕಿಯ ಪಕ್ಕ ಕೂತಿದ್ದರು. ಎಪಿಫಾನಿಯೋ ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತಿದ್ದ. ತಿಕೋನಾ ಪರೀಕ್ಷಕರ ಮೇಜಿನಲ್ಲಿದ್ದ. ಒಂದರ ಮೇಲೊಂದು ಪ್ರಶ್ನೆ ಕೇಳಿದ, ಒಂದರಲ್ಲೂ ಸಡಿಲ ಬಿಡಲಿಲ್ಲ. ಎರಡಕ್ಕೆ ಇಲಾರಿಯೋನ್ ಬೆವರಿದ. ಕೊನೆಯದಾಗಿ ತಿಕೋನಾ ಕೇಳಿದ:

"ನೀವು ಬರೆದಿರೋ ಈ ಹುಲ್ಲಿನ ದಪ್ಪದ ಲೆಕ್ಕ ಯಾವ ಪುಸ್ತಕದ್ದು?"

"ಯಾವ ಪುಸ್ತಕದ್ದೂ ಅಲ್ಲ ಸಾರ್. ಮೇಸ್ತ್ರಿ ಎಪಿಫಾನಿಯೋ ನನಗೆ ಕಲಿಸಿದ್ದು. ಅವರು ಅಲ್ಲಿ ನಿಂತಿದಾರೆ. ನಾನು ಅಳತೆ ಮಾಡಿ ನೋಡಿದೀನಿ, ಅಷ್ಟೇ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಎಪಿಫಾನಿಯೋ ಏನು ಮಾಡಬೇಕೆಂದು ತಿಳಿಯದೆ ತನ್ನ ಟೋಪಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡ. ತಿಕೋನಾ ಎದ್ದು ನಿಂತು, "ಮೇಸ್ತ್ರಿಗಳೇ, ಒಳಗೆ ಬನ್ನಿ, ಕೂತ್ಕೊಳ್ಳಿ," ಅಂದ.

ತೀರ್ಪು ಓದಿದ ಮೇಲೆ ಹುಡುಗರು ಅವನ ತಲೆಯ ಮೇಲೆ ಬಣ್ಣದ ಕಾಗದದ ಚೂರುಗಳನ್ನು ಮುಷ್ಟಿ ಮುಷ್ಟಿಯಾಗಿ ಸುರಿದರು. ನೊಯೇಲಿಯಾ ಒಂದಿಡೀ ಚೀಲವನ್ನೇ ಅವನ ಕಾಲರಿನೊಳಗೆ ಬಗ್ಗಿಸಿದಳು. ರೆಮೆಡಿಯೋಸ್ ಅವನನ್ನು ಅಪ್ಪಿಕೊಂಡು ಬೆನ್ನಿಗೆ ದಬದಬ ಗುದ್ದಿ, "ಇನ್ನು ನನ್ನ ಕಚೇರಿಗೆ ಬರಬೇಡಿ, ಅಲ್ಲಿ ಬೇರೆಯವರು ಕಾಯ್ತಿದಾರೆ," ಅಂದಳು. ತಿಕೋನಾ ಕೊನೆಯಲ್ಲಿ ಬಂದ. ಈ ಸಲ ಅನುಮಾನವಿಲ್ಲದೆ ಕೈ ಚಾಚಿದ, ಆಮೇಲೆ ಕೈ ಸಾಲದೆಂದು ತಬ್ಬಿಕೊಂಡ.

ಅಲ್ಲಿಂದ ಎಲ್ಲರೂ ಒಣ ಲಾಮಾ ಮಾಂಸ ತಿನ್ನಲು ಮೂಲೆಯ ಹೋಟೆಲಿಗೆ ಹೋದರು. ಮೇಜುಗಳನ್ನು ಜೋಡಿಸಿದರು, ಬೇಯಿಸಿದ ಮೆಕ್ಕೆಜೋಳ ಬಂತು, ಚೀಸ್ ಬಂತು. ಲಿಂಬರ್ಟ್ ಎಪಿಫಾನಿಯೋನ ಪಕ್ಕ ಕೂತು ಹುಲ್ಲಿನ ಬಗ್ಗೆ ವಿಚಾರಿಸುತ್ತಿದ್ದ. ಬಸಿಲಿಯಾ ಗಂಡನ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡಳು. ಅವನ ಕೂದಲಿಂದ ಒಂದೊಂದೇ ಕಾಗದದ ಚೂರು ಹೆಕ್ಕಿ ತಟ್ಟೆಯ ಅಂಚಿಗೆ ಇಡುತ್ತ, ಬೇರೆ ಯಾರಿಗೂ ಕೇಳದಂತೆ ಅಂದಳು:

"ನಾಳೆ ಭಾನುವಾರ, ಅಮ್ಮನ ಮನೆಗೆ ಹೋಗಬೇಕು. ಎಲ್ಲಾನೂ ಮೊದಲಿಂದ ನೀನೇ ಹೇಳಬೇಕು, ಗೊತ್ತಾಯ್ತಾ? ನಾನು ಪಕ್ಕದಲ್ಲಿ ಕೂತಿರ್ತೀನಿ."

"ಹೇಳ್ತೀನಿ," ಅಂದ ಇಲಾರಿಯೋನ್. ಅವಳು ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.